ತಿಪ್ಪೋಜನ ಕೈ

ನಮ್ಮ ಆಫೀಸಿಗೆ ಆರು ತಿಂಗಳ ತರಬೇತಿಗೆಂದು ಬಂದ ಹುಡುಗಿ ಒಂದು ದಿನ ಚಹಾದ ಹೊತ್ತಿನಲ್ಲಿ ಕೇಳಿದಳು. ‘ಸರ, ನಿಮ್ಮ ಸ್ಟೈಲ್ ಯಾವ್ದ್ರೀ?’

ಕಾಲೇಜಿನಲ್ಲಿ ಅವಳಿಗೆ ಬರೆಯಲು ಕೊಟ್ಟಿದ್ದ ಪ್ರಬಂಧ ಅದು. ಒಬ್ಬ ವಾಸ್ತುಶಿಲ್ಪಿಯನ್ನು ಆರಿಸಿಕೊಂಡು ಅವನಿಗೆ ತನ್ನದೇ ಆದ ಶೈಲಿ ಹೇಗೆ ಬಂತು ಎಂದು ಬರೆಯಬೇಕು. ಗೆಳತಿಯರೆಲ್ಲ ಚಾರ್ಲ್ಸ್ ಕೊರಿಯಾ, ಜೆಫ್ರಿ ಬಾವಾ ಎಂದು ದೊಡ್ಡ ದೊಡ್ಡ ಹೆಸರುಗಳನ್ನು ಹಂಚಿಕೊಂಡು ಮುಗಿಸಿದ್ದರು. ಇವಳಿಗೆ ಉಳಿದದ್ದು ನಾನು. ಬೆಳಗಾವಿಯ ಟಿಳಕವಾಡಿಯ ಒಂದು ಮಾಳಿಗೆಯ ಮೇಲೆ ಕೂತು ಮನೆಗಳ ನಕಾಶೆ ಬರೆಯುತ್ತ ಬಂದವನು ನಾನು. ಸೈಟು ಮೂವತ್ತು ನಲ್ವತ್ತೋ ನಲ್ವತ್ತು ಅರವತ್ತೋ, ಬ್ಯಾಂಕಿನ ಸಾಲ ಎಷ್ಟು, ದೇವರ ಮನೆ ಯಾವ ಮೂಲೆ ಎಂದು ಕೇಳುವುದರಲ್ಲಿಯೇ ಅರ್ಧ ಆಯುಷ್ಯ ಹೋಯಿತು. ಶೈಲಿ ಅಂದರೆ ಏನು ಹೇಳಲಿ? ‘ಹುಡುಕೋಣ ಬಾ. ಭಾನುವಾರ ಖಾಲಿ ಇದ್ದೀಯಾ?’ ಅಂದೆ. ಮಾತು ತಪ್ಪಿಸಲು ಅಂದದ್ದು. ಆದರೆ ಭಾನುವಾರ ಬೆಳಿಗ್ಗೆ ಏಳಕ್ಕೇ ಅವಳು ಕ್ಯಾಮೆರಾ, ಟೇಪು, ಸ್ಕೆಚ್ ಪುಸ್ತಕ ಹಿಡಿದು ಕೋಟೆಯ ಬಾಗಿಲಲ್ಲಿ ನಿಂತಿದ್ದಳು.

ಬೆಳಗಾವಿಯವರಿಗೆ ಕೋಟೆಯೊಳಗಿನ ಕಮಲ ಬಸದಿಯ ಬಗ್ಗೆ ಹೇಳಬೇಕಿಲ್ಲ. ಹೊರಗಿನವರಿಗಾಗಿ ಎರಡು ಮಾತು. ಕಲ್ಯಾಣದ ಚಾಲುಕ್ಯರ ಅಧಿಕಾರ ಸಡಿಲಾದ ಕಾಲಕ್ಕೆ ಸವದತ್ತಿಯ ರಟ್ಟರು ವೇಣುಗ್ರಾಮ ಎಂಬ ಈ ಊರನ್ನು ಗೋವೆಯ ಕದಂಬರಿಂದ ಕಿತ್ತುಕೊಂಡು ತಮ್ಮ ರಾಜಧಾನಿ ಮಾಡಿಕೊಂಡರು. ನಾಲ್ಕನೆಯ ಕಾರ್ತವೀರ್ಯನ ಮಂತ್ರಿ ಬೀಚಿರಾಜ 1204ರಲ್ಲಿ ಇಲ್ಲಿ ಜಿನಾಲಯ ಕಟ್ಟಿಸಿದ. ಅದನ್ನು ಹೇಳುವ ಶಾಸನದ ಕಲ್ಲುಗಳು ಹಡಗು ಹತ್ತಿ ಹೋಗಿ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಕೂತಿವೆ. ಬಸದಿ ಮಾತ್ರ ಇಲ್ಲಿಯೇ ಉಳಿದಿದೆ, ಒಳಗೆ ಕಪ್ಪು ಕಲ್ಲಿನ ನೇಮಿನಾಥ. ಮಂಟಪದ ನಡುವೆ ನಿಂತು ಕತ್ತೆತ್ತಿದರೆ ಛತ್ತಿನಿಂದ ಕೆಳಮುಖವಾಗಿ ಒಂದು ಕಲ್ಲಿನ ಕಮಲ ತೂಗುತ್ತದೆ. ಅದಕ್ಕೆ ಎಪ್ಪತ್ತೆರಡು ಎಸಳು. ಜನ ಬಸದಿಗೆ ಹೆಸರಿಟ್ಟದ್ದು ಅದನ್ನು ನೋಡಿಯೇ.

ಹುಡುಗಿ ನೆಲದ ಮೇಲೆ ಅಂಗಾತ ಮಲಗಿ ಆ ಕಮಲದ ಫೋಟೋ ತೆಗೆದಳು. ಆಮೇಲೆ ಎದ್ದು ಕೂತು ಕೇಳಿದಳು, ‘ಇದನ್ನ ಮಾಡಿದಾವ ಯಾರ್ರೀ ಸರ?’

‘ಬೀಚಿರಾಜ’ ಅಂದೆ.

‘ಅವಾ ರೊಕ್ಕಾ ಕೊಟ್ಟಾವ. ಮಾಡಿದಾವ?’

ನಮ್ಮ ಇತಿಹಾಸದ ಪುಸ್ತಕಗಳು ಈ ಪ್ರಶ್ನೆಗೆ ಹೆಚ್ಚಾಗಿ ಉತ್ತರ ಕೊಡುವುದಿಲ್ಲ. ಕಟ್ಟಡಕ್ಕೆ ಅಂಟಿಕೊಳ್ಳುವುದು ಕಟ್ಟಿಸಿದವನ ಹೆಸರು. ಆಮೇಲೆ ರಾಜವಂಶದ ಹೆಸರು. ಚಾಲುಕ್ಯ ಶೈಲಿ, ಹೊಯ್ಸಳ ಶೈಲಿ, ಕದಂಬ ಶೈಲಿ ಎಂದು ನಾವು ಹೇಳುವಾಗ ರಾಜರೇ ಕುಳಿತು ಕಂಬದ ಅಳತೆ ತೆಗೆದರೋ ಎಂಬಂತೆ ಹೇಳುತ್ತೇವೆ. ಆದರೆ ಕನ್ನಡ ನಾಡಿನ ಅದೃಷ್ಟವೆಂದರೆ ಇಲ್ಲಿಯ ಕಲ್ಲುಕುಟಿಗರು ಬೇರೆ ಕಡೆಯವರಿಗಿಂತ ಹೆಚ್ಚು ತಮ್ಮ ಹೆಸರು ಕೊರೆದಿಟ್ಟಿದ್ದಾರೆ. ಹೊಯ್ಸಳ ಶಿಲ್ಪಿಗಳ ಸಹಿಗಳ ಬಗ್ಗೆ ಷ. ಶೆಟ್ಟರ್ ಅವರು ಬರೆದದ್ದನ್ನು ಓದಿದ ಮೇಲೆ ನಾನು ಯಾವ ಗುಡಿಗೆ ಹೋದರೂ ಮೂರ್ತಿಗಿಂತ ಮುಂಚೆ ಅದರ ಪೀಠ ನೋಡುವ ಚಟ ಹಚ್ಚಿಕೊಂಡಿದ್ದೇನೆ.

ಬಸದಿಯ ಕಟ್ಟೆಯ ಮೇಲೆ ಕೂತು ಅವಳಿಗೆ ಮೊದಲು ಪಟ್ಟದಕಲ್ಲಿನ ಗುಂಡನ ಕಥೆ ಹೇಳಿದೆ. ಎರಡನೆಯ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದು ಬಂದ ನೆನಪಿಗೆ ಅವನ ರಾಣಿ ಲೋಕಮಹಾದೇವಿ 740ರ ಆಸುಪಾಸಿನಲ್ಲಿ ಒಂದು ಗುಡಿ ಎತ್ತಿಸಿದಳು. ಇಂದಿನ ವಿರೂಪಾಕ್ಷ ಗುಡಿ, ಅಂದಿನ ಲೋಕೇಶ್ವರ. ಕಟ್ಟಿದ ಸೂತ್ರಧಾರಿ ಗುಂಡ ಅನಿವಾರಿತಾಚಾರಿ. ರಾಜ ಅವನಿಗೆ ತ್ರಿಭುವನಾಚಾರಿ ಎಂಬ ಬಿರುದು ಕೊಟ್ಟು ಪೆರ್ಜೆರೆಪು ಪಟ್ಟ ಕಟ್ಟಿದ ಎಂದು ಗುಡಿಯ ಶಾಸನವೇ ಹೇಳುತ್ತದೆ. ಅಲ್ಲಿಯೇ ಸರ್ವಸಿದ್ಧಿ ಆಚಾರಿ ಎಂಬ ಹೆಸರೂ ಇದೆ. ಅವನನ್ನು ತೆಂಕಣ ದೆಸೆಯ ಸೂತ್ರಧಾರಿ ಎಂದು ಹೊಗಳುತ್ತ, ಮನೆ, ಅರಮನೆ, ವಾಹನ, ಆಸನ, ಹಾಸಿಗೆಯ ಮಂಚ, ಕಿರೀಟ, ಇವೆಲ್ಲವನ್ನೂ ಮಾಡಬಲ್ಲವನು ಎಂದು ಶಾಸನ ಸಾಲುಗಟ್ಟಿ ಹೇಳುತ್ತದೆ. ಮಂಚದಿಂದ ಕಿರೀಟದ ತನಕ! ನಮ್ಮ ಕಾಲದಲ್ಲಿ ಮಾಡ್ಯುಲರ್ ಕಿಚನ್ನಿಗೆ ಒಬ್ಬ, ಫಾಲ್ಸ್ ಸೀಲಿಂಗಿಗೆ ಇನ್ನೊಬ್ಬ.

ಈ ಗುಡಿಯ ಬಗ್ಗೆ ಪಂಡಿತರು ತಪ್ಪದೆ ಹೇಳುವ ಮಾತು, ಇದು ಕಂಚಿಯ ಕೈಲಾಸನಾಥನನ್ನು ನೋಡಿ ಕಟ್ಟಿದ್ದು ಎಂಬುದು. ಅದರ ಬೆನ್ನಿಗೇ ಇನ್ನೊಂದು ಮಾತು, ಎಲ್ಲೋರದ ಕೈಲಾಸವನ್ನು ಪಟ್ಟದಕಲ್ಲು ನೋಡಿ ಕಡೆದದ್ದು ಎಂಬುದು. ಅಂದರೆ ಕಂಚಿಯಿಂದ ಪಟ್ಟದಕಲ್ಲಿಗೆ, ಪಟ್ಟದಕಲ್ಲಿನಿಂದ ಎಲ್ಲೋರಕ್ಕೆ ನಕಲು ಇಳಿದು ಹೋಗಿದೆ. ಆದರೆ ಮೂರನ್ನೂ ನೋಡಿದವರು ಒಂದನ್ನು ಇನ್ನೊಂದೆಂದು ಎಂದೂ ಭ್ರಮಿಸುವುದಿಲ್ಲ. ಪಟ್ಟದಕಲ್ಲಿನ ಒಳಮಂಟಪದ ಕಂಬಗಳ ಸಾಲಿನಲ್ಲಿ, ಜಾಲಂಧ್ರಗಳಿಂದ ಸೋಸಿ ಬರುವ ಬೆಳಕಿನಲ್ಲಿ ನಿಂತರೆ ಕಂಚಿ ನೆನಪಾಗುವುದೇ ಇಲ್ಲ. ಗುಂಡನ ಕಾಲಿಗೆ ಮಲಪ್ರಭೆ, ಕೈಗೆ ಅಲ್ಲಿಯ ಮರಳುಗಲ್ಲು ಸಿಕ್ಕಿದ್ದವು. ಹಿಂದೆ ಬಾದಾಮಿ ಐಹೊಳೆಗಳಲ್ಲಿ ನೂರೈವತ್ತು ವರ್ಷ ಕೆಡವಿ ಕಟ್ಟಿ ಕಲಿತವರ ಗುಂಪು ಇತ್ತು. ನೋಡಿದ್ದು ಕಂಚಿಯನ್ನಾದರೂ ಕೈ ಇಲ್ಲಿಯದೇ ಆಗಿತ್ತು.

ಎರಡನೆಯದು ಮಲ್ಲಿತಮ್ಮನ ಕಥೆ. ಇವನು ನನ್ನ ಮೆಚ್ಚಿನವನು. ತರೀಕೆರೆಯ ಹತ್ತಿರದ ಅಮೃತಪುರದಲ್ಲಿ 1196ರ ಗುಡಿಯಲ್ಲಿ ಇವನ ಸಹಿ ಇದೆ. ಎಪ್ಪತ್ತೆರಡು ವರ್ಷದ ಮೇಲೆ, 1268ರ ಸೋಮನಾಥಪುರದಲ್ಲಿಯೂ ಇವನ ಸಹಿ ಇದೆ! ಒಬ್ಬನೇ ಮನುಷ್ಯನೋ ಅಜ್ಜನ ಹೆಸರಿಟ್ಟುಕೊಂಡ ಮೊಮ್ಮಗನೋ ಎಂದು ಅನುಮಾನ ಬರುವಷ್ಟು ಉದ್ದದ ಬಾಳು. ಒಬ್ಬನೇ ಎನ್ನುವವರ ಪಕ್ಷಕ್ಕೆ ನಾನು. ಸೋಮನಾಥಪುರದಲ್ಲಿ ನಲ್ವತ್ತರಷ್ಟು ಮೂರ್ತಿಗಳ ಕೆಳಗೆ ಅವನ ಹೆಸರಿದೆ. ಕೆಲವು ಕಡೆ ಮಲ್ಲಿತಂಮ, ಕೆಲವು ಕಡೆ ಮಲ್ಲಿ, ಕೆಲವು ಕಡೆ ಬರೀ ಮ. ಹೆಸರು ಪೂರ್ತಿ ಬರೆಯುವ ಅಗತ್ಯ ಕಳೆದುಹೋದ ಮನುಷ್ಯ ಎಂದು ನನಗೆ ಅನ್ನಿಸುತ್ತದೆ. 1246ರ ನುಗ್ಗೇಹಳ್ಳಿಯಲ್ಲಿ ಮಾತ್ರ ಅವನಿಗೆ ಜೋಡಿಯಾಗಿ ಬೈಚೋಜ ಎಂಬ ಇನ್ನೊಬ್ಬ ಸಿಕ್ಕಿದ. ಒಂದೇ ಗುಡಿ, ಒಂದೇ ಕಲ್ಲು, ಒಂದೇ ದೇವರುಗಳು. ಆದರೆ ಮೂರ್ತಿಶಿಲ್ಪ ಬಲ್ಲವರು ಒಂದು ಮಗ್ಗುಲಿನಿಂದ ಇನ್ನೊಂದು ಮಗ್ಗುಲಿಗೆ ಹೋದೊಡನೆ ಕೈ ಬದಲಾಯಿತು ಎಂದು ಹೇಳುತ್ತಾರೆ. ಶೈಲಿ ಎಂದರೆ ಏನೆಂದು ವಿದ್ಯಾರ್ಥಿಗಳಿಗೆ ತೋರಿಸಬೇಕಾದರೆ ನುಗ್ಗೇಹಳ್ಳಿಗೆ ಒಂದು ಬಸ್ಸು ಮಾಡಿಸಿದರೆ ಸಾಕು.

‘ಸರ, ನಮ್ಮ ಕಡೆ ಯಾರೂ ಇಲ್ಲೇನ್ರಿ? ಎಲ್ಲಾ ಮೈಸೂರು ಕಡೀನ ಹೇಳಾಕತ್ತೀರಿ’ ಅಂದಳು.

ಇದ್ದಾನೆ. ಅವನನ್ನು ನೋಡಲೆಂದೇ ಹೊರಟದ್ದು.

ಖಾನಾಪುರದ ಹಾದಿ ಹಿಡಿದೆವು. ಊರು ಸಮೀಪಿಸುತ್ತಿದ್ದಂತೆ ಮಣ್ಣು ಕೆಂಪಾಗುತ್ತದೆ, ಗಿಡಗಳು ಎತ್ತರವಾಗುತ್ತವೆ, ಮನೆಗಳ ಮಾಡು ಇಳಿಜಾರಾಗುತ್ತದೆ. ಇಪ್ಪತ್ತಾರು ಕಿಲೋಮೀಟರಿನಲ್ಲಿ ಬಯಲುಸೀಮೆಯ ಬೆರಳು ಬಿಟ್ಟು ಮಲೆನಾಡಿನ ಬೆರಳು ಹಿಡಿದ ಹಾಗೆ. ಖಾನಾಪುರದ ಮಣ್ಣಿಗೆ ಹೆಸರಿದೆ. ಇಲ್ಲಿಯ ಕುಂಬಾರಿಕೆ, ಇಟ್ಟಿಗೆ, ಹೆಂಚುಗಳಿಂದಾಗಿ ಖಾದಿ ಗ್ರಾಮೋದ್ಯೋಗದವರ ಕುಂಬಾರಿಕೆಯ ತರಬೇತಿ ಸಂಸ್ಥೆಯೂ ಇಲ್ಲಿಗೇ ಬಂತು. ನಾವು ಮಂಗಳೂರು ಹೆಂಚು ಎನ್ನುವುದು ಮೂಲತಃ ಬಾಸೆಲ್ ಮಿಶನ್ನಿನ ಜರ್ಮನರು 1865ರಲ್ಲಿ ಮಂಗಳೂರಲ್ಲಿ ಶುರು ಮಾಡಿದ ಕಾರಖಾನೆಯದು. ಬೆಳಗಾವಿಯ ಕ್ಯಾಂಪಿನ ಬಂಗಲೆಗಳಿಗೂ ಖಾನಾಪುರದ ಒಕ್ಕಲಿಗರ ಮನೆಗಳಿಗೂ ಅದೇ ಹೆಂಚು ಹತ್ತಿತು. ಮೂರು ತಲೆಮಾರು ಕಳೆಯುವಷ್ಟರಲ್ಲಿ ಅದು ನಮ್ಮದೇ ಪರಂಪರೆ ಆಗಿಹೋಯಿತು.

ಖಾನಾಪುರದಲ್ಲಿ ನಾನು ಗಾಡಿ ನಿಲ್ಲಿಸಲಿಲ್ಲ. ‘ಇಲ್ಲೇ ನಿಮ್ಮ ಮೊದಲನೇ ಮನಿ ಐತೆಂತಲ್ರಿ ಸರ?’ ಎಂದು ಹುಡುಗಿ ಕೇಳಿದಳು. ಆಫೀಸಿನಲ್ಲಿ ಯಾರೋ ಹೇಳಿರಬೇಕು. ‘ಆಮೇಲೆ ನೋಡೋಣ’ ಎಂದು ನಂದಗಡದ ರಸ್ತೆಗೆ ತಿರುಗಿಸಿದೆ. ಹದಿನೈದು ವರ್ಷಗಳಿಂದ ನಾನು ಆ ಓಣಿಗೆ ಹೋಗಿರಲಿಲ್ಲ.

ಆ ಕಥೆ ಹೇಳಿಬಿಡುತ್ತೇನೆ. ನಾನು ಕಾಲೇಜು ಮುಗಿಸಿದ್ದು 1993ರಲ್ಲಿ. ಆಗ ನಮಗೆಲ್ಲ ಲಾರಿ ಬೇಕರ್ ಎಂದರೆ ದೇವರು. ಬರ್ಮಿಂಗ್‌ಹ್ಯಾಮಿನಲ್ಲಿ ಕಲಿತು 1945ರಲ್ಲಿ ಭಾರತಕ್ಕೆ ಬಂದು ಕುಷ್ಠರೋಗಿಗಳ ಆಸ್ಪತ್ರೆಗಳನ್ನು ಕಟ್ಟುತ್ತ, ಪಿಥೋರಾಗಢದ ಗುಡ್ಡಗಳಲ್ಲಿ ವರ್ಷಗಟ್ಟಲೆ ಕಳೆದು, ಕೊನೆಗೆ ತಿರುವನಂತಪುರದಲ್ಲಿ ನೆಲೆ ನಿಂತ ಮನುಷ್ಯ. ಗಿಲಾವು ಇಲ್ಲದ ಇಟ್ಟಿಗೆಯ ಗೋಡೆ, ಇಟ್ಟಿಗೆಯ ಜಾಲಿ, ಬಾಗಿದ ಮೂಲೆ, ಕಡಿಮೆ ಖರ್ಚು. ಅವರ ಕಟ್ಟಡಗಳ ಫೋಟೋಗಳನ್ನು ನಾನು ಹಾಸ್ಟೆಲ್ಲಿನ ಗೋಡೆಗೆ ಅಂಟಿಸಿಕೊಂಡಿದ್ದೆ. 1996ರಲ್ಲಿ ಖಾನಾಪುರದ ನಿವೃತ್ತ ಮಾಸ್ತರರೊಬ್ಬರು ಪ್ರಾವಿಡೆಂಟ್ ಫಂಡಿನ ರೊಕ್ಕದಲ್ಲಿ ಮನೆ ಕಟ್ಟಿಸಲು ಬಂದಾಗ ನಾನು ಅವರಿಗೆ ಒಂದು ಬೇಕರ್ ಮನೆ ಬರೆದುಕೊಟ್ಟೆ. ಪಡುವಣ ಗೋಡೆ ಪೂರ್ತಿ ಇಟ್ಟಿಗೆಯ ಜಾಲಿ. ಸಂಜೆಯ ಬಿಸಿಲು ಒಳಗಿನ ನೆಲದ ಮೇಲೆ ಚೌಕ ಚೌಕವಾಗಿ ಬೀಳುವ ಚಿತ್ರವನ್ನು ಬಣ್ಣ ಹಚ್ಚಿ ತೋರಿಸಿದ್ದೆ. ಮಾಸ್ತರರಿಗೆ ನಕಾಶೆ ತಿಳಿಯಲಿಲ್ಲ, ನನ್ನ ಹುರುಪು ತಿಳಿಯಿತು. ಒಪ್ಪಿಕೊಂಡರು.

ಎಪ್ರಿಲ್ಲಿನಲ್ಲಿ ಗೃಹಪ್ರವೇಶವಾಯಿತು. ಬಂದವರೆಲ್ಲ ಹೊಗಳಿದರು. ಜೂನ್ ಮೂರನೆಯ ವಾರ ಮಾಸ್ತರರಿಂದ ಕಾರ್ಡು ಬಂತು, ‘ಅನುಕೂಲವಾದಾಗ ಒಮ್ಮೆ ಬಂದು ಹೋಗುವುದು’ ಎಂದು. ಹೋಗಿ ನೋಡಿದರೆ ಪಡಸಾಲೆಯಲ್ಲಿ ಕಾಲ ಗಂಟಿನವರೆಗೆ ಅಲ್ಲದಿದ್ದರೂ ಹಿಮ್ಮಡಿ ಮುಳುಗುವಷ್ಟು ನೀರು. ಘಟ್ಟದ ಗಾಳಿ ಮಳೆಯನ್ನು ಎತ್ತಿ ತಂದು ಆ ಜಾಲಿಯ ಒಂದೊಂದು ಕಿಂಡಿಯಿಂದಲೂ ಒಳಗೆ ಎರಚುತ್ತಿತ್ತು. ಗಿಲಾವಿಲ್ಲದ ಗೋಡೆ ನೀರು ಕುಡಿದು ಕಪ್ಪಾಗಿತ್ತು. ಮಾಸ್ತರರ ನಲ್ವತ್ತು ವರ್ಷದ ಪುಸ್ತಕಗಳ ಅಲಮಾರಿ ಅದೇ ಗೋಡೆಗೆ ಹತ್ತಿ ನಿಂತಿತ್ತು. ಅವರ ಹೆಂಡತಿ, ನಾನು ಕಾಕೂ ಎಂದು ಕರೆಯುತ್ತಿದ್ದವರು, ಒಲೆಯ ಸುತ್ತ ಪುಸ್ತಕಗಳನ್ನು ಬಿಚ್ಚಿ ಒಣಗಲು ಇಟ್ಟಿದ್ದರು. ಮಾಸ್ತರರು ಒಂದೂ ಬಿರುಸು ಮಾತಾಡಲಿಲ್ಲ. ‘ಇರ್ಲಿ ಬಿಡ್ರಿ, ಮೂರು ತಿಂಗಳ ಮಾತು’ ಅಂದರು. ಬೈದಿದ್ದರೆ ನಾನು ಇಷ್ಟು ವರ್ಷ ನೆನಪಿಡುತ್ತಿರಲಿಲ್ಲವೇನೋ.

ಮನೆ ಕಟ್ಟಿದ ಗವಂಡಿಯನ್ನು ಕರೆಸಿದೆ. ಬಂದವನು ಬಾಗಿಲಲ್ಲಿ ನಿಂತು ಗೊಂಗಡಿ ಕೊಡವಿದ. ‘ಸಾಹೇಬ್ರ, ನಮ್ಮ ಕಡೆ ಮಳಿ ಮ್ಯಾಲಿಂದ ಬರಂಗಿಲ್ರಿ. ಬಾಜೂಕಿಂದ ಬರತೈತಿ’ ಎಂದ. ಮೊದಲೇ ಯಾಕೆ ಹೇಳಲಿಲ್ಲ ಎಂದೆ. ‘ನೀವು ಕೇಳಲಿಲ್ರಿ.’

ಬೇಕರರನ್ನು ನಾನು ದೂರುವುದಿಲ್ಲ. ಅವರು ತಮ್ಮ ಮಳೆಯನ್ನು ನೋಡಿ ತಮ್ಮ ಮಾಡಿನ ಅಂಚನ್ನು ಚಾಚಿದ್ದರು. ಗುಡ್ಡದ ಜನ ಕಲ್ಲು, ಮಣ್ಣು, ಕಟ್ಟಿಗೆಯಲ್ಲಿ ಹೇಗೆ ಕಟ್ಟುತ್ತಾರೆ ಎಂದು ಕಣ್ಣಿಟ್ಟು ನೋಡಿ, ತಮ್ಮ ಇಂಗ್ಲೆಂಡಿನ ಓದನ್ನು ಬದಿಗಿಟ್ಟು ಕಲಿತವರು ಅವರು. ಅಷ್ಟು ವರ್ಷದ ಕಲಿಕೆಯ ಕೊನೆಗೆ ಬಂದದ್ದು ಆ ಜಾಲಿ. ನಾನು ಆ ವರ್ಷಗಳನ್ನು ಬಿಟ್ಟು ಜಾಲಿಯನ್ನಷ್ಟೇ ಎತ್ತಿಕೊಂಡು ಬಂದಿದ್ದೆ.

ಹಲಸಿಗೆ ಬಂದಾಗ ಹತ್ತು ಗಂಟೆ. ಇಂದು ಸಣ್ಣ ಹಳ್ಳಿ. ಒಂದು ಕಾಲಕ್ಕೆ ಪಲಾಶಿಕಾ, ಬನವಾಸಿಯ ಕದಂಬರಿಗೆ ಎರಡನೆಯ ರಾಜಧಾನಿಯಂತಿದ್ದ ಊರು. ಮೃಗೇಶವರ್ಮ ತನ್ನ ತಂದೆ ಶಾಂತಿವರ್ಮನ ನೆನಪಿಗೆ ಇಲ್ಲಿ ಜಿನಾಲಯ ಕಟ್ಟಿಸಿ ಮೂವತ್ತಮೂರು ನಿವರ್ತನ ಭೂಮಿ ಬಿಟ್ಟದ್ದನ್ನು ಇಲ್ಲಿ ಸಿಕ್ಕ ತಾಮ್ರಪಟಗಳು ಹೇಳುತ್ತವೆ. ಅದು ಐದನೆಯ ಶತಮಾನದ ಮಾತು. ಏಳುನೂರು ವರ್ಷದ ಮೇಲೆ ಗೋವೆಯ ಕದಂಬರ ಕಾಲಕ್ಕೆ ಊರು ಮತ್ತೆ ಬೆಳಗಿತು. ಪಲಸಿಗೆ ಹನ್ನೆರಡು ಸಾಸಿರ ಎಂಬ ನಾಡಿಗೆ ಹೆಸರು ಕೊಟ್ಟದ್ದು ಈ ಊರೇ.

ಇಲ್ಲಿಯ ಭೂವರಾಹ ನರಸಿಂಹ ಗುಡಿಯನ್ನು ವಾಸ್ತು ಕಲಿಯುವ ಪ್ರತಿಯೊಬ್ಬರೂ ನೋಡಬೇಕು, ಶಿಲ್ಪದ ಬೆಡಗಿಗಲ್ಲ, ಅದರ ಲೆಕ್ಕಾಚಾರಕ್ಕೆ. ಎರಡು ಗರ್ಭಗುಡಿಗಳು ಮುಖಾಮುಖಿಯಾಗಿವೆ. ನಡುವೆ ನಿಂತರೆ ಒಬ್ಬ ದೇವರ ಕಡೆ ಮುಖ ಮಾಡಿದವರು ಇನ್ನೊಬ್ಬ ದೇವರಿಗೆ ಬೆನ್ನು ತೋರಿಸಲೇಬೇಕು! 1169ರ ಶಾಸನ ನರಸಿಂಹನನ್ನು ಹೇಳುತ್ತದೆ. ಎದುರಿನ ವರಾಹ ಪ್ರತಿಷ್ಠೆಯಾದದ್ದು 1186–87ರಲ್ಲಿ. ಇದ್ದ ಗುಡಿಗೆ ಇನ್ನೊಬ್ಬ ದೇವರು ಬಂದ. ಎಲ್ಲಿ ಕೂರಿಸಬೇಕು? ಪಕ್ಕಕ್ಕೆ ಕೂರಿಸಿದರೆ ಹಿರಿಯ ಕಿರಿಯ ಎಂಬ ತಂಟೆ. ಎದುರು ಕೂರಿಸಿದರೆ ಇಬ್ಬರೂ ಸಮ. ಅಣ್ಣತಮ್ಮಂದಿರಿಗೆ ಮನೆ ಭಾಗ ಮಾಡಿಕೊಡುವ ನಕಾಶೆಗಳನ್ನು ನಾನು ಎಷ್ಟೋ ಬರೆದಿದ್ದೇನೆ, ಇಷ್ಟು ಚೆಂದದ ತೀರ್ಪು ನನಗೆ ಹೊಳೆದಿಲ್ಲ.

ಹುಡುಗಿ ಟೇಪು ಹಿಡಿದು ಮಂಟಪ ಅಳೆದಳು. ನಾನು ಜಾರ್ಜ್ ಮೊರೆಯಸ್ ಅವರನ್ನು ನೆನೆದೆ. ಗೋವೆಯ ಈ ವಿದ್ವಾಂಸರು 1931ರಲ್ಲಿ ‘ಕದಂಬ ಕುಲ’ ಎಂಬ ಪುಸ್ತಕ ಬರೆದು, ಮೆಟ್ಟಿಲು ಮೆಟ್ಟಿಲಾಗಿ ಏರುವ ಕದಂಬ ಶಿಖರ ಎಂಬ ಮಾತಿಗೆ ಬಲ ಕೊಟ್ಟವರು. ಆ ಶಿಖರ ಸರಳ ಶಿಖರ, ಮೈತುಂಬ ಕೆತ್ತನೆ ಬೇಡದ ಶಿಖರ. ಮಳೆನಾಡಿನ ನೀರು ಮೆಟ್ಟಿಲಿಳಿದು ಹೋಗುವ ಹಾಗಿದೆ ಎಂದು ನನಗೆ ಪ್ರತಿ ಸಲ ಅನ್ನಿಸುತ್ತದೆ. ಪಂಡಿತರು ಒಪ್ಪಲಿಕ್ಕಿಲ್ಲ, ಮಳೆಯಿಂದ ಪೆಟ್ಟು ತಿಂದವನ ಕಣ್ಣು ನನ್ನದು.

ಅಲ್ಲಿಂದ ಬೀಡಿಯ ಮೇಲೆ ಹಾದು ಕಿತ್ತೂರಿನ ಹತ್ತಿರದ ದೇಗಾಂವಿಗೆ ಹೋದೆವು. ಶಾಸನಗಳಲ್ಲಿ ದೇಗಂವೆ. ಗೋವೆಯ ಕದಂಬ ಶಿವಚಿತ್ತ ಪೆರ್ಮಾಡಿಯ ರಾಣಿ ಕಮಲಾದೇವಿ ಈ ಊರನ್ನು ಬ್ರಾಹ್ಮಣರ ಅಗ್ರಹಾರವಾಗಿ ಬಿಡಿಸಿದಳು. ಶಾಸನದ ಕಾಲ ಕಲಿಯುಗದ 4275ನೆಯ ವರ್ಷ, ಜಯ ಸಂವತ್ಸರ, ಎಂದರೆ 1174. ಇವರು ಶಕವರ್ಷ ಬಿಟ್ಟು ಕಲಿವರ್ಷ ಎಣಿಸುವ ರಾಜರು. ಇವರ ಶಾಸನಗಳನ್ನು ಓದಿ ಅಚ್ಚು ಹಾಕಿಸಿದವನು ಫ್ಲೀಟ್ ಸಾಹೇಬ. ರಾಣಿ ಇಲ್ಲಿ ಕಟ್ಟಿಸಿದ ಗುಡಿಯ ದೇವರಿಗೆ ತನ್ನ ಹೆಸರನ್ನೇ ಸೇರಿಸಿದಳು. ಕಮಲನಾರಾಯಣ. ಮತ್ತು ಆಕೆಯ ಅಪ್ಪಣೆಯ ಮೇರೆಗೆ ಗುಡಿ ಕಟ್ಟಿದವನ ಹೆಸರನ್ನೂ ಕಲ್ಲು ಉಳಿಸಿಕೊಂಡಿದೆ. ತಿಪ್ಪೋಜ.

ಹೆಸರಿನ ಕೊನೆಯ ‘ಓಜ’ ಸಂಸ್ಕೃತದ ಉಪಾಧ್ಯಾಯ ಸವೆದು ಬಂದ ಕನ್ನಡ. ಬೇಲೂರಿಗೆ ಬಳ್ಳಿಗಾವೆಯಿಂದ ಹೋದ ದಾಸೋಜ, ನುಗ್ಗೇಹಳ್ಳಿಯ ಬೈಚೋಜ, ಪಟ್ಟದಕಲ್ಲಿನ ಪಾಪನಾಥ ಗುಡಿಯ ರೇವಡಿ ಓವಜ್ಜ, ಎಲ್ಲರ ಹೆಸರಲ್ಲೂ ಮೇಷ್ಟರಿದ್ದಾರೆ. ಉಳಿ ಹಿಡಿಯುವವನನ್ನು ಮಾಸ್ತರ ಎಂದು ಕರೆದ ಕಾಲ. ಹುಡುಗಿಗೆ ಇದು ಬಹಳ ಹಿಡಿಸಿತು. ಸ್ಕೆಚ್ ಪುಸ್ತಕದ ಮೇಲೆ ತನ್ನ ಹೆಸರಿಗೆ ಓಜ ಸೇರಿಸಿ ಬರೆದುಕೊಂಡಳು.

ಗುಡಿಯನ್ನು ದೂರದಿಂದ ನೋಡಿದರೆ ಮೊದಲು ಕಣ್ಣಿಗೆ ಬೀಳುವುದು ಅದು ಎತ್ತರಕ್ಕೆ ಹೋಗಿಲ್ಲ ಎಂಬುದು. ಅಡ್ಡಕ್ಕೆ ಚಾಚಿಕೊಂಡಿದೆ. ಮೂರು ಗರ್ಭಗುಡಿಗಳು. ಒಂದರಲ್ಲಿ ನಾರಾಯಣ, ಇನ್ನೊಂದರಲ್ಲಿ ತೊಡೆಯ ಮೇಲೆ ಲಕ್ಷ್ಮಿಯನ್ನು ಕೂರಿಸಿಕೊಂಡ ನಾರಾಯಣ, ಮತ್ತೊಂದರಲ್ಲಿ ದೇವಿ. ಆಕೆಯನ್ನು ಕಮಲೆ ಎನ್ನುತ್ತಾರೆ. ಲಕ್ಷ್ಮಿಯೋ ರಾಣಿಯೋ ಎಂದು ಊರಲ್ಲಿ ಇಂದಿಗೂ ಎರಡು ಮಾತು. ಚಾಲುಕ್ಯ, ಹೊಯ್ಸಳರ ತ್ರಿಕೂಟಗಳಲ್ಲಿ ನಡುವಿನ ಮಂಟಪದ ಮೂರು ದಿಕ್ಕಿಗೆ ಮೂರು ಗರ್ಭಗುಡಿ ಇಡುವುದು ರೂಢಿ. ತಿಪ್ಪೋಜ ಮೂರನ್ನೂ ಒಂದೇ ಸಾಲಿಗೆ ತಂದು ಮುಂದೆ ಉದ್ದಕ್ಕೂ ತೆರೆದ ಕಂಬಗಳ ಮಂಟಪ ಹಾಸಿದ್ದಾನೆ. ಊರಿನ ದೊಡ್ಡಮನೆಯ ಪಡಸಾಲೆಯ ಹಾಗೆ.

ಕಂಬಗಳಲ್ಲಿ, ಛತ್ತುಗಳಲ್ಲಿ ತಿಪ್ಪೋಜ ಕಲಿತ ಶಾಲೆ ಕಾಣುತ್ತದೆ. ಅಣ್ಣಿಗೇರಿಯ ಅಮೃತೇಶ್ವರ ಗುಡಿಯ ಕಾಲಕ್ಕೆ, 1050ರ ಸುಮಾರಿಗೆ, ನಮ್ಮ ಕಡೆಯ ಶಿಲ್ಪಿಗಳು ಮರಳುಗಲ್ಲು ಬಿಟ್ಟು ಬಳಪದ ಕಲ್ಲಿಗೆ ಬಂದರು. ಗಣಿಯಿಂದ ತೆಗೆದಾಗ ಮೆತ್ತಗೆ, ಗಾಳಿಗೆ ಇಟ್ಟಷ್ಟೂ ಗಟ್ಟಿ ಆಗುವ ಕಲ್ಲು. ಅದು ಬಂದದ್ದೇ ಕಂಬಗಳನ್ನು ಚರಕಿಯಲ್ಲಿ ತಿರುಗಿಸಿ ಬಳೆ ತೊಡಿಸಿದ ಹಾಗೆ ನುಣುಪು ಮಾಡುವುದು ಸಾಧ್ಯವಾಯಿತು. ಲಕ್ಕುಂಡಿ, ಇಟಗಿಗಳಲ್ಲಿ ಅದು ತುದಿ ಮುಟ್ಟಿತು. ಇಟಗಿಯ ಮಹಾದೇವ ಗುಡಿ 1112ರದು. ತಿಪ್ಪೋಜನಿಗೆ ಅದು ಅಜ್ಜನ ಕಾಲದ ಕೆಲಸ. ಅಂದರೆ ಅವನು ಹುಟ್ಟುವ ಹೊತ್ತಿಗೆ ಮಾಡಬೇಕಾದ್ದೆಲ್ಲ ಮಾಡಿ ಮುಗಿದಿತ್ತು. ಇದಕ್ಕಿಂತ ನುಣುಪಾದ ಕಂಬ ಸಾಧ್ಯವಿರಲಿಲ್ಲ. ಇನ್ನು ಹೊಸದೇನು ಮಾಡಲಿ ಎಂದು ನಾವು ಇಪ್ಪತ್ತೈದನೆಯ ವಯಸ್ಸಿಗೆ ತಲೆ ಕೆಡಿಸಿಕೊಳ್ಳುತ್ತೇವಲ್ಲ, ಅವನಿಗೂ ಹಾಗೇ ಆಗಿರಬೇಕು.

ಅವನು ಮಾಡಿದ್ದನ್ನು ನೋಡಿದರೆ ನನಗೆ ತೋರುವುದು ಇದು. ಹೊಸ ಕಂಬ ಹುಡುಕಲು ಅವನು ಹೋಗಲಿಲ್ಲ. ಕಂಬ ಅಜ್ಜನದೇ ಇರಲಿ ಎಂದು ಬಿಟ್ಟ. ರಾಣಿಯ ಬೇಡಿಕೆ ಏನು ಎಂದು ನೋಡಿದ. ಮೂವರು ದೇವರು, ಅದರಲ್ಲಿ ಹೆಣ್ಣು ದೇವರು ಮೂಲೆಗೆ ಹೋಗಬಾರದು, ಗುಡಿಯ ಮುಂದೆ ಅಗ್ರಹಾರದ ಜನ ಕೂರಬೇಕು, ರಾಣಿಯ ಹೆಸರು ಕಲ್ಲಿನಲ್ಲಿ ಕಾಣಬೇಕು. ಆ ನಾಲ್ಕನ್ನೂ ಒಂದು ಗೆರೆಯ ಮೇಲೆ ತಂದ. ಹೆಸರನ್ನು ಶಾಸನಕ್ಕಷ್ಟೇ ಬಿಡದೆ ಛತ್ತಿಗೆ ಏರಿಸಿದ. ತಲೆ ಎತ್ತಿದರೆ ಕಮಲ. ನಾನು ಆ ಮಂಟಪದಲ್ಲಿ ಎಷ್ಟೋ ಸಲ ಕೂತಿದ್ದೇನೆ. ಇಟಗಿಯಲ್ಲಿ ಬಾಯಿ ತೆರೆದು ನಿಂತಿರುತ್ತೇನೆ, ಇಲ್ಲಿ ಕೂತುಬಿಡುತ್ತೇನೆ. ವ್ಯತ್ಯಾಸ ಅಷ್ಟೇ, ಆದರೆ ಆ ವ್ಯತ್ಯಾಸ ಒಬ್ಬ ಮನುಷ್ಯ ಬೇಕೆಂದು ಮಾಡಿದ್ದು.

ಹುಡುಗಿ ಮತ್ತೆ ಅಂಗಾತ ಮಲಗಿದ್ದಳು. ಮೊಬೈಲಿನಲ್ಲಿ ಬೆಳಗಿನ ಫೋಟೋ ತೆಗೆದು ಮೇಲಿನ ಕಮಲಕ್ಕೆ ಹಿಡಿದು ನೋಡಿದಳು. ‘ಸರ, ಇದು 1174. ಅದು 1204. ಮೂವತ್ತು ವರ್ಷ. ಇಂವಾ ಮಾಡುವಾಗ ಕೆಳಗ ನಿಂತು ಉಳಿ ಕೊಡತಿದ್ದ ಹುಡುಗ ಅಲ್ಲಿ ಹಿರೇ ಮಾಸ್ತರ ಆಗಿರಬಹುದಲ್ರಿ?’

ಇರಬಹುದು. ದೇಗಾಂವಿಯಿಂದ ಬೆಳಗಾವಿಗೆ ಬಹಳ ದೂರದ ಹಾದಿಯೂ ಅಲ್ಲ. ಕದಂಬರ ಕೈಯಿಂದ ರಟ್ಟರ ಕೈಗೆ ಊರು ಹೋದರೂ ಕಲ್ಲುಕುಟಿಗರು ಊರು ಬಿಟ್ಟು ಓಡಿರಲಿಕ್ಕಿಲ್ಲ. ವಿಷ್ಣುವಿಗೆ ಅರಳಿಸಿದ ಕಮಲವನ್ನು ಜಿನನಿಗೂ ಅರಳಿಸಲು ಅವರಿಗೆ ಅಡ್ಡಿ ಏನಿತ್ತು? ಇದು ಪ್ರಮಾಣವಿಲ್ಲದ ಮಾತು, ಪ್ರಬಂಧದಲ್ಲಿ ಬರೆಯಬೇಡ ಎಂದು ಹೇಳಿದೆ. ಬರೆದೇ ಬರೆಯುತ್ತಾಳೆ ಎಂದು ಗೊತ್ತಿತ್ತು.

ಕಿತ್ತೂರಿನಿಂದ ಹೆದ್ದಾರಿ ಹಿಡಿದರೆ ಒಂದು ತಾಸಿನಲ್ಲಿ ಬೆಳಗಾವಿ. ಗಾಡಿ ಶುರು ಮಾಡಿದವನು ಯಾಕೋ ಬಂದ ಹಾದಿಗೇ ತಿರುಗಿಸಿದೆ.

ಖಾನಾಪುರದ ಓಣಿಯಲ್ಲಿ ಮನೆ ಗುರುತು ಸಿಕ್ಕಲು ತಡವಾಗಲಿಲ್ಲ. ಮಾಸ್ತರರು ತೀರಿಕೊಂಡು ಬಹಳ ವರ್ಷವಾಯಿತು. ಸುದ್ದಿ ತಿಳಿದಾಗಲೂ ನಾನು ಬಂದಿರಲಿಲ್ಲ. ಕಾಕೂ ಪಡುವಣ ಕಡೆಯ ಕಟ್ಟೆಯ ಮೇಲೆ ಅವರೆಕಾಯಿ ಸುಲಿಯುತ್ತ ಕೂತಿದ್ದರು. ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿ, ‘ಎಂಜಿನೀರ ಸಾಹೇಬ್ರನs? ದಾರಿ ತಪ್ಪಿ ಬಂದಿರೇನು?’ ಅಂದರು.

ಆ ಕಟ್ಟೆ ನನ್ನ ಮೊದಲ ನಕಾಶೆಯಲ್ಲಿ ಇರಲಿಲ್ಲ. 1997ರ ಬೇಸಿಗೆಯಲ್ಲಿ ಗವಂಡಿ ಹೇಳಿದ, ನಾನು ಬರೆದೆ. ಜಾಲಿಯ ಕಿಂಡಿಗಳನ್ನು ಎದೆಮಟ್ಟದವರೆಗೆ ಮುಚ್ಚಿ, ಗೋಡೆಯಿಂದ ಆರು ಅಡಿ ಹೊರಗೆ ಚಿರೆಕಲ್ಲಿನ ಗಿಡ್ಡ ಕಂಬಗಳನ್ನು ನಿಲ್ಲಿಸಿ, ಮಾಡನ್ನು ಕೆಳಕ್ಕೆ ಇಳಿಸಿ ಹೆಂಚು ಹೊದಿಸಿ, ಕಂಬಗಳ ನಡುವೆ ಉದ್ದಕ್ಕೂ ಕೂರುವ ಕಟ್ಟೆ ಕಟ್ಟಿದೆವು. ಬೆಳಕು ಮೇಲಿನ ಕಿಂಡಿಗಳಿಂದ ಬರುತ್ತದೆ, ಮಳೆ ಮಾಡಿನ ಅಂಚಿಗೇ ನಿಲ್ಲುತ್ತದೆ. ಖರ್ಚಿನ ಅರ್ಧ ನಾನು ಹಾಕಿದ್ದೆ. ಅದು ತಪ್ಪಿನ ಮೇಲೆ ಹಚ್ಚಿದ ತೇಪೆ ಎಂದೇ ನನ್ನ ಎಣಿಕೆ. ಈ ಮನೆಯ ಫೋಟೋ ನನ್ನ ಆಫೀಸಿನ ಯಾವ ಫೈಲಿನಲ್ಲೂ ಇಲ್ಲ.

ಹುಡುಗಿ ಅಂಗಳದ ತುದಿಗೆ ಹೋಗಿ ಮನೆಯನ್ನು ಅಡ್ಡಕ್ಕೆ ನೋಡುತ್ತ ನಿಂತಳು. ‘ಸರ, ಶಹಾಪುರದ ಮನಿಗೂ ಇದೇ ಐತಿ. ಅನಗೋಳದ ಡಾಕ್ಟರ ಮನಿಗೂ ಐತಿ. ಹೋದ ವಾರ ನನ್ನ ಕಡೆ ತಿದ್ದಿಸಿದ್ರಲ್ರಿ, ಪಶ್ಚಿಮಕ್ಕ ಮಾಡು ಇಳಸು, ಕಟ್ಟಿ ಹಾಕು ಅಂತ.’

ನಾನು ಮಾತಾಡಲಿಲ್ಲ. ಮಳೆ ಕಡಿಮೆಯಾದ ಬೆಳಗಾವಿಯ ಮೂಡಣ ಮಗ್ಗುಲಿನ ಮನೆಗಳಿಗೂ ನಾನು ಅದನ್ನು ಹಾಕಿಸಿದ್ದೇನೆ ಎಂದು ಆಗ ನೆನಪಾಯಿತು.

‘ಗವಂಡಿ ಹೆಸರು ಏನ್ರೀ ಕಾಕೂ?’ ಎಂದು ಅವಳು ಕೇಳಿದಳು.

‘ಅಲ್ಲೇ ಬರದಾನ ನೋಡವಾ, ಆ ಕಡೀ ಕಂಬದ ಬುಡಕ್ಕ. ಸಿಮಿಟ್ಹಸಿ ಇದ್ದಾಗ ಕರಣಿ ತುದೀಲೆ ಗೀಚಿದ್ದ. ನಮ್ಮವರು ಬೈದ್ರು, ಆಮ್ಯಾಲೆ ಇರ್ಲಿ ಬಿಡು ಅಂದ್ರು.’

ಇಪ್ಪತ್ತೈದು ವರ್ಷಕ್ಕೂ ಮೇಲಾಗಿದೆ, ನಾನು ಅದನ್ನು ಒಮ್ಮೆಯೂ ನೋಡಿರಲಿಲ್ಲ. ಬಗ್ಗಿ ನೋಡಿದೆವು. ಕೂತು ಎದ್ದವರ ಮೈ ತಾಗಿ ಹೆಸರು ಸವೆದುಹೋಗಿತ್ತು. 97 ಎಂಬ ಅಂಕಿ ಸ್ಪಷ್ಟವಿತ್ತು. ಅದರ ಹಿಂದೆ ಒಂದೇ ಅಕ್ಷರ ಉಳಿದಿತ್ತು, ಪ. ಹುಡುಗಿ ಅದರ ಪಕ್ಕ ಟೇಪು ಇಟ್ಟು ಫೋಟೋ ತೆಗೆದಳು. ಕಾಕೂ ಚಹಾ ಇಡಲು ಎದ್ದರು. ಅವರು ಬಿಟ್ಟುಹೋದ ಅವರೆಕಾಯಿಯ ಮೊರವನ್ನು ನಾನು ತೊಡೆಯ ಮೇಲೆ ಎಳೆದುಕೊಂಡು ಕಟ್ಟೆಯ ಮೇಲೆ ಕೂತೆ.